ಮೂರನೇ ಮೇಜಿನ ಕಾಲುಗಳು

ಎಲ್ಲಕ್ಕೂ ಕಾರಣ ಒಂದೇ ಒಂದು ಸಾಲು. "ಸ್ಪರ್ಧಿಗಳಲ್ಲಿ ಒಬ್ಬರು ವಿಕಲಚೇತನರು, ತಕ್ಕ ವ್ಯವಸ್ಥೆ ಮಾಡುವುದು" ಎಂದು ಪಂದ್ಯದ ಕಾಗದದಲ್ಲಿ ರಾಜ್ಯ ಸಂಘದವರು ಬರೆದಿದ್ದರು. ಯಾವ ವ್ಯವಸ್ಥೆ ಎಂದು ಬರೆದಿರಲಿಲ್ಲ.

ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿಗಳು ಕಾಗದವನ್ನು ಉಸ್ತುವಾರಿಯವನ ಕೈಗಿಟ್ಟರು. ಯಾರು ಏನು ಹೇಳಿದರೂ "ಆಯ್ತು" ಎನ್ನುತ್ತಿದ್ದುದರಿಂದ ಅವನಿಗಲ್ಲಿ ಆಯ್ತಪ್ಪ ಎಂದೇ ಹೆಸರು.

"ಗಾಲಿಕುರ್ಚಿ ಬರುತ್ತೆ, ಮೂರನೇ ಮೇಜು ತಗ್ಗಿಸು. ಇವತ್ತಿನ ಸುತ್ತು ಸರಿಯಾಗಿ ಮುಗಿದ್ರೆ ಸಂಜೆ ನಿನ್ನ ಕೆಲಸ ಖಾಯಂ. ಒಂದು ದೂರು ಬಂದ್ರೂ ಇಲ್ಲ."

"ಅವರಿಗೇನು ಬೇಕು ಅಂತ ಕೇಳಿಬಿಡ್ಲಾ ಸಾರ್?"

"ಅಂಥದ್ದೆಲ್ಲ ಕೇಳಬಾರದು ಕಣಯ್ಯ, ಮನಸ್ಸಿಗೆ ನೋವಾಗುತ್ತೆ."

ಪಿಸ್ತೂಲು ಇಡುವ ಆ ಮೇಜಿನ ಕಾಲುಗಳನ್ನು ಆಯ್ತಪ್ಪ ಒಂದು ಗೇಣು ಕೊಯ್ದ. ಮೇಜು ಕುಡಿದವನಂತೆ ಎಡಕ್ಕೆ ವಾಲಿತು. ಬಲಗಾಲು ಕೊಯ್ದ, ಬಲಕ್ಕೆ ವಾಲಿತು. ಅಂತೂ ನೆಟ್ಟಗೆ ನಿಂತಾಗ ಅದು ಅವನ ಮಂಡಿಯ ಹತ್ತಿರಕ್ಕೆ ಇಳಿದಿತ್ತು.

ಐದು ವರ್ಷದಿಂದ ಮೊದಲ ಸ್ಥಾನ ಬಿಟ್ಟುಕೊಡದ ಹಲ್ಲಿನ ಡಾಕ್ಟರು ಬಂದು ನೋಡಿದರು.

"ಕೂತು ಹೊಡೆಯೋರಿಗೆ ಮೈ ಅಲ್ಲಾಡಲ್ಲ. ನಾವು ನಿಂತು ನಡುಗಬೇಕು. ನ್ಯಾಯಾನಾ ಇದು?"

"ಅವರಿಗೆ ನಿಲ್ಲೋಕಾಗಲ್ಲವಲ್ಲ ಸಾರ್."

"ನನಗೂ ಬೆನ್ನುನೋವು. ನಂಗ್ಯಾರು ಕುರ್ಚಿ ಕೊಟ್ರು?"

ದೂರಿನ ವಾಸನೆ ಬಡಿದು ಆಯ್ತಪ್ಪ ಓಡಿಹೋಗಿ ತನ್ನ ಕುರ್ಚಿಯನ್ನೇ ತಂದು ಹಾಕಿದ. ಡಾಕ್ಟರು ಗೊಣಗುತ್ತ ಕೂತರು.

ಹತ್ತು ಗಂಟೆಗೆ ಆರಡಿ ಎತ್ತರದ ಹೆಂಗಸೊಬ್ಬರು ಎರಡೆರಡು ಮೆಟ್ಟಿಲು ಹಾರಿ ಬಂದರು. ಆಯ್ತಪ್ಪ ಅವರ ಹಿಂದೆ ಗಾಲಿಕುರ್ಚಿ ಹುಡುಕಿದ. ಅವರು ನಕ್ಕು ಚೀಟಿ ಕೊಟ್ಟರು: "ನನಗೆ ಕಿವಿ ಕೇಳಿಸುವುದಿಲ್ಲ. ಸೀಟಿ ಊದಿದಾಗ ಯಾರಾದರೂ ಕೈ ಎತ್ತಿದರೆ ಸಾಕು."

ಬೇರೆ ಮೇಜಿರಲಿಲ್ಲ, ಹೊತ್ತೂ ಇರಲಿಲ್ಲ. ಸೀಟಿ ಕೂಗಿತು, ಆಯ್ತಪ್ಪ ಕೈ ಎತ್ತಿದ. ಪ್ರತಿ ಗುಂಡಿಗೂ ಪಿಸ್ತೂಲನ್ನು ಮೇಜಿಗಿಟ್ಟು ಎತ್ತಲು ಆಕೆ ಅರವತ್ತು ಗುಂಡಿಗೆ ಅರವತ್ತು ಸಲ, ಸಸಿ ನೆಡುವವರಂತೆ ಬಗ್ಗಿ ಎದ್ದರು. ಆದರೂ ಮೊದಲ ಸ್ಥಾನ ಅವರದೇ. ದೂರೇನಾದರೂ ಇದೆಯೇ ಎಂದು ಆಯ್ತಪ್ಪ ಬರೆದು ತೋರಿಸಿದರೆ ಇಲ್ಲವೆಂದು ತಲೆಯಾಡಿಸಿದರು.

ಖಾಯಂ ಆದೆನೆಂದು ಹಿಗ್ಗಿ ಅವನು ಕಾರ್ಯದರ್ಶಿಗಳ ಕೋಣೆಗೆ ಹೋದ. ಅಲ್ಲಿ ಸೋತ ಒಂಬತ್ತು ಜನರೂ ನಿಂತಿದ್ದರು.

"ಬಗ್ಗಿ ಎದ್ದೂ ಎದ್ದೂ ಅವರ ಬೆನ್ನು ಸಡಿಲವಾಗಿ ಕೈ ಅಲ್ಲಾಡದೆ ನಿಂತಿದೆ!" ಡಾಕ್ಟರು ಮೇಜು ಗುದ್ದಿದರು. "ಅವರೊಬ್ಬರಿಗೇ ಯಾಕೆ ಕುಳ್ಳ ಮೇಜು?"

"ಒಂಬತ್ತು ದೂರು!" ಕಾರ್ಯದರ್ಶಿಗಳು ಖಾಯಂ ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿದರು. "ನ್ಯಾಯ ಅಂದ್ಮೇಲೆ ಎಲ್ರಿಗೂ ಒಂದೇ. ನಾಳೆ ಎರಡನೇ ಸುತ್ತಿಗೆ ಉಳಿದ ಒಂಬತ್ತು ಮೇಜನ್ನೂ ಕೊಯ್ದಿಡು."

ಕೊನೆಯ ಮೇಜಿನ ಕೊನೆಯ ಕಾಲು ಕೊಯ್ದು ಆಯ್ತಪ್ಪ ಬೆವರು ಒರೆಸಿಕೊಳ್ಳುತ್ತಿದ್ದಾಗ, ಹೊರಟಿದ್ದ ಆ ಹೆಂಗಸು ಬಾಗಿಲಲ್ಲಿ ನಿಂತು ಸಂಕೋಚದಿಂದ ಇನ್ನೊಂದು ಚೀಟಿ ಚಾಚಿದರು:

"ನಾಳೆಯಾದರೂ ನನಗೊಂದು ಎತ್ತರದ ಮೇಜು ಸಿಕ್ಕೀತೇ?"