ಹೊರಟವರನ್ನು ಎಲ್ಲಿಗೆ ಎನ್ನಬಾರದು

ಐ.ಡಿ.ಹಳ್ಳಿಯಿಂದ ಮಧುಗಿರಿಗೆ ಬಸ್ ಚಾರ್ಜು ಎರಡು ರೂಪಾಯಿ. ಐ.ಡಿ.ಹಳ್ಳಿಯಿಂದ ಕದಿರಯ್ಯನ ಊರಿಗೆ ಬಸ್ಸೇ ಇಲ್ಲವಾದ್ದರಿಂದ ಚಾರ್ಜೂ ಇಲ್ಲ. ಆದರೆ ದುಬಾರಿಯಾದದ್ದು ಆ ಮೂರು ಮೈಲಿಯೇ. ಅದಕ್ಕೆ ವರ್ಷಕ್ಕೆ ಎರಡು ಜೊತೆ ಚಪ್ಪಲಿ ಹೋಗುತ್ತಿತ್ತು, ಮಳೆಗಾಲಕ್ಕೊಂದು ಛತ್ರಿ ಹೋಗುತ್ತಿತ್ತು. ಎಂಬತ್ತಮೂರರ ಯುಗಾದಿಗೆ ಹೆಂಡತಿಯೂ ಹೋದಳು.

"ನಿಮ್ಮೂರಿಗೆ ಬಸ್ ಬಂದ್ ದಿನ ನಾನೂ ಬತ್ತೀನಿ" ಎಂದು ಹೇಳಿ ಗಿರಿಯಮ್ಮ ಸಿರಾ ಕಡೆಯ ಮದಲೂರಿನ ತವರು ಸೇರಿ ಮೂರು ತಿಂಗಳಾಗಿತ್ತು. ಕದಿರಯ್ಯ ತಾನೇ ಮುದ್ದೆ ತಿರುವಿ, ಗಂಟುಗಂಟಾದದ್ದನ್ನು ತಾನೇ ನುಂಗಿ, ಮಧುಗಿರಿಯ ಕಚೇರಿಯೊಂದರಲ್ಲಿ ಜವಾನಿಕೆ ಮಾಡಿಕೊಂಡಿದ್ದ.

ಅಂಥ ಹೊತ್ತಿನಲ್ಲಿ ಬೆಂಗಳೂರಿನಿಂದ ಒಬ್ಬ ಸಾಹೇಬರು ಬಂದರು. ಇನ್ನು ಇಪ್ಪತ್ತು ವರ್ಷಕ್ಕೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಲ್ಲ ಹಲಸಿನ ಕಾಯಿಯ ಹಾಗೆ ಊದಿಕೊಳ್ಳುತ್ತವಂತೆ. ಯಾವ ರಸ್ತೆಗೆ ಎಷ್ಟು ಬಸ್ ಬೇಕೆಂದು ಈಗಲೇ ಯೋಜನೆ ಹಾಕಬೇಕಂತೆ. ಅದಕ್ಕೆ ಒಂದು ದಿನ ಮಧುಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಕೂತು, ಹೊರಟವರನ್ನೆಲ್ಲ ವಿಚಾರಿಸಿ ಬರೆದುಕೊಳ್ಳುವವರು ಬೇಕಿತ್ತು.

"ಐ.ಡಿ.ಹಳ್ಳಿ ಕಡೆಗೆ ಜನ ಜಾಸ್ತಿ ಕಂಡ್ರೆ ನಿಮ್ಮೂರ ತನಕ ಬಸ್ ಹಾಕ್ಸೋಣ" ಎಂದರು ಸಾಹೇಬರು.

ಕದಿರಯ್ಯ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡೇಬಿಟ್ಟ. ಕೊಟ್ಟ ಹಾಳೆಯಲ್ಲಿ ಕೇಳಬೇಕಾದ ಪ್ರಶ್ನೆ ಏನೆಂದು ನೋಡಿದ್ದು ಆಮೇಲೆ. "ಎಲ್ಲಿಗೆ ಹೋಗುತ್ತಿದ್ದೀರಿ?"

ಹೊರಟವರನ್ನು ಎಲ್ಲಿಗೆ ಎಂದರೆ ಕೆಲಸ ಕೆಡುತ್ತದೆ. ಅನ್ನಿಸಿಕೊಂಡವರು ಹಿಂದಕ್ಕೆ ಹೋಗಿ, ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಆ ಸೀಮೆಯಲ್ಲಿ ಇದು ಎಳೆಗರುವಿಗೂ ಗೊತ್ತು. ಸಾಹೇಬರಿಗೆ ಗೊತ್ತಿರಲಿಲ್ಲ. ಅವರು ಸಿರಾ ಬಸ್ಸಿನ ಕಡೆ ತಾವೇ ನಿಂತು, ಐ.ಡಿ.ಹಳ್ಳಿ ಬಸ್ಸಿನ ಕಡೆ ಇವನನ್ನು ಕೂರಿಸಿದರು.

ಮೊದಲು ಸಿಕ್ಕವನು ದೊಡ್ಡರಂಗಯ್ಯ. ಮಗನಿಗೆ ಹೆಣ್ಣು ನೋಡಲು ಗರಿಗರಿ ಪಂಚೆ ಉಟ್ಟು, ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟಿದ್ದ.

"ಅಣ್ಣ, ಎಲ್ಲಿಗೆ?"

ದೊಡ್ಡರಂಗಯ್ಯ ಚೇಳು ತುಳಿದವನ ಹಾಗೆ ಕಾಲು ಕಿತ್ತುಕೊಂಡ. "ಲೇ ಕದ್ರಾ, ಹೊಟ್ಟೆಗೇನ್ ತಿಂತೀಯ್ಲಾ? ಎರಡು ವರ್ಸ ಅಲೆದು ಒಂದ್ ಹೆಣ್ಣು ಗೊತ್ ಮಾಡ್ಕಂಡಿವ್ನಿ. ಬೆಳಗಾಗೆದ್ದು ಇಂಗಂದ್ಬುಟ್ಯಲ್ಲ."

"ಕೇಳ್ತಾ ಇರಾದು ಸರ್ಕಾರ ಕಣಣ್ಣ, ನಾನಲ್ಲ."

"ಸರ್ಕಾರ ನನ್ ಮಗ್ನಿಗೆ ಹೆಣ್ಣು ಕೊಟ್ಟಾತಾ?"

ಅವನು ಬಸ್ ಸ್ಟ್ಯಾಂಡಿನ ಎದುರಿಗಿದ್ದ ಪರ್ವತಯ್ಯನ ಹೋಟೆಲಿನ ಬೆಂಚಿಗೆ ಹೋಗಿ ಕೂತು ನೀರು ಕೇಳಿದ. ಬಾಣಂತಿ ಮಗಳಿಗೆ ಖಾರದ ಪುಡಿ ಹೊತ್ತಿದ್ದ ನರಸಮ್ಮನೂ ಅವನ ಪಕ್ಕ ಕೂತಳು. ಕುರಿ ಮಾರಲು ಹೊರಟ ಓಬಯ್ಯ ಕುರಿಯ ಸಮೇತ ಕೂತ. ಬಸ್ಸು ಕಾದು ಕಾದು ಖಾಲಿ ಹೊರಟಿತು. "ನನ್ ಬಸ್ಸಿಗೆ ಮಾಟ ಮಾಡ್ಸಿದೀರೇನ್ರೀ?" ಎಂದು ಕಂಡಕ್ಟರು ಬೈದು ಹೋದ.

ಪರ್ವತಯ್ಯನಿಗೆ ಕಾಫಿಗಿಂತ ನೀರೇ ಹೆಚ್ಚು ಖರ್ಚಾಗಿ ಸಂಕಟವಾಯಿತು. "ಲೇ, ದೂರ ಹೊರಟ್ರಾ ಅಂತ ಕೇಳು. ಅದಕ್ಕೆ ದೋಷ ಇಲ್ಲ."

ಕದಿರಯ್ಯ ಹಾಗೇ ಕೇಳಿದ. ಎಲ್ಲರೂ ನಗುತ್ತಲೇ, "ಹೂಂ ಕಣಪ್ಪ, ಇಂಗೇ ಒಸಿ ದೂರ" ಎಂದರು. ಪಾವಗಡದ ಕಡೆಯವನೊಬ್ಬ, "ಇಕ್ಕಡೇ ಅಪ್ಪಾ, ಪಕ್ಕದಲ್ಲೇ" ಎಂದ. ಬರೆದದ್ದನ್ನು ನೋಡಿದ ಸಾಹೇಬರು ತಲೆ ಚಚ್ಚಿಕೊಂಡರು. "ದೂರಕ್ಕೆ, ಪಕ್ಕಕ್ಕೆ ಬಸ್ ಹಾಕಕ್ಕಾಗತ್ತೇನ್ರೀ? ಊರು ಕೇಳಿ."

ಪರ್ವತಯ್ಯ ಮತ್ತೆ ಬಂದ. "ಅಂಗಾದ್ರೆ ಮುಖ ನೋಡ್ದಂಗೆ ಕೇಳು. ಕಣ್ಣು ಕಣ್ಣು ಕೂಡಿದ್ರೇ ಶಕುನ ತಾಗಾದು."

ಕದಿರಯ್ಯನಿಗೆ ಅಷ್ಟು ಹೊತ್ತಿಗೆ ಯಾವುದು ಸರಿ, ಯಾವುದು ತಪ್ಪು ಎನ್ನುವುದೇ ಕಲಸಿಹೋಗಿತ್ತು. ತಲೆ ತಗ್ಗಿಸಿ ಕೂತ. ಅವನಿಗೆ ಕಂಡದ್ದು ಬರೀ ಕಾಲುಗಳು. ಎಕ್ಕಡದ ಕಾಲು ಬಂತು. "ಎಲ್ಲಿಗೆ?" ಕಾಲು ತಿರುಗಿ ಹೋಯಿತು. ಬೂಟಿನ ಕಾಲು ಬಂತು, ಅದೂ ಹೋಯಿತು. ಕಾಲುಂಗುರದ ಕಾಲು ಬಂದು ಅವನ ಮುಂದೆಯೇ ನಿಂತಿತು.

"ಎಲ್ಲಿಗಮ್ಮಾ?"

ಆ ಕಾಲು ಇನ್ನೊಂದು ಹೆಜ್ಜೆ ಹತ್ತಿರ ಬಂತು.

"ಬಿರ್ರನೆ ಹೇಳಮ್ಮಾ, ಹಿಂದೆ ಜನ ಅವ್ರೆ. ಎಲ್ಲಿಗೆ?"

ಆ ಕಾಲೂ ತಿರುಗಿತು.

ನೀರು ಕುಡಿದವರೆಲ್ಲ ಅವನ ಕಣ್ಣು ತಪ್ಪಿಸಿ ಮುಂದಿನ ಬಸ್ಸಿನ ಆ ಮಗ್ಗುಲಿನಿಂದ ಹತ್ತಿಕೊಂಡರು. ಸಂಜೆ ಕದಿರಯ್ಯನ ಹಾಳೆ ನೋಡಿ ಸಾಹೇಬರೆಂದರು, "ಐ.ಡಿ.ಹಳ್ಳಿ ಕಡೆ ಹೋಗೋರೇ ಇಲ್ವಲ್ರೀ. ಇರೋ ಎರಡು ಬಸ್ಸೇ ಹೆಚ್ಚಾಯ್ತು. ಜನ ಅಂದ್ರೆ ಸಿರಾ ರಸ್ತೆಯವರು. ಒಬ್ಬ ಹೆಣ್ಮಗಳು ತಾನಾಗೇ ಬಂದು, 'ಸಿರಾಕ್ಕೆ, ತವರಿಗೆ, ಬರ್ಕಳಿ ಸ್ವಾಮಿ' ಅಂದ್ಲು. ಅಷ್ಟು ನೆಟ್ಟಗೆ ಇವತ್ತು ಯಾರೂ ಹೇಳ್ಲಿಲ್ಲ."

ಸಾಹೇಬರ ಜೀಪು ಹೋಯಿತು. ಪರ್ವತಯ್ಯ ಬರಿದಾದ ನೀರಿನ ಹಂಡೆ ಕವುಚಿಟ್ಟು ಕದಿರಯ್ಯನ ಪಕ್ಕ ಬಂದು ಕೂತ.

"ಬೇಜಾರ್ ಮಾಡ್ಕಬ್ಯಾಡ ಕಣ್ಲಾ. ಆಯಮ್ಮ ನನ್ ಬೆಂಚಿನ್ ಮೇಲೇ ಕೂತಿದ್ಲು. ಬಸ್ ಹೊರಡಾ ತನಕ ಬಾಯಿ ಬುಟ್ರೆ ನೋಡು ಅಂತ ನಂಗೇ ಆಣೆ ಹಾಕಿದ್ಲು."

"ಯಾವಮ್ಮ?"

"ನಿನ್ ಹೆಂಡ್ರು ಗಿರಿಯಮ್ಮ. ಬಸ್ ಬರ್ದಿದ್ರೆ ಬ್ಯಾಡ, ನಡ್ಕಂಡೇ ಹೋಯ್ತೀನಿ ಅಂತ ಗಂಟು ಕಟ್ಕಂಡು ಬಂದಿದ್ಲು. 'ಗಂಡ್ನ ಮನೆಗೆ ಹೊಂಟೋಳ್ನ ಗಂಡನೇ ತಲೆ ಎತ್ತದೆ ಎರಡು ಸಲ ಎಲ್ಲಿಗೆ ಅಂದ್ಬುಟ್ಟ. ಇನ್ನ್ ಹೆಂಗೆ ಹೋಗಾದು?' ಅಂದ್ಲು. ನೀರು ಕುಡುದ್ಲು, ಸಿರಾ ಬಸ್ ಹತ್ತುದ್ಲು."

ತಿಂಗಳು ಕಳೆಯುವುದರೊಳಗೆ ಯೋಜನೆ ಜಾರಿಗೆ ಬಂತು. ಐ.ಡಿ.ಹಳ್ಳಿಗಿದ್ದ ಎರಡು ಬಸ್ಸಿನಲ್ಲಿ ಒಂದು ನಿಂತಿತು. ಸಿರಾ ರಸ್ತೆಗೆ ಒಂದು ಹೆಚ್ಚಾಯಿತು. ಕದಿರಯ್ಯನಿಗೆ ಪೆನ್ಸಿಲು ಉಳಿಯಿತು.