ಮಂಟಯ್ಯನ ಗೋಡೆಯ ಬೀಗ

ಅಂತರಸಂತೆಯ ಮಂಟಯ್ಯ ಆವತ್ತು ಬೆಳಿಗ್ಗೆ ಗೋಡೆಗೆ ಒಂದು ಮೊಳೆ ಹೊಡೆಯದೆ ಇದ್ದಿದ್ದರೆ ಊರು ತನ್ನ ಪಾಡಿಗೆ ಸಂತೆ ಮುಗಿಸಿ, ಉಂಡು ಮಲಗುತ್ತಿತ್ತು.

ಮೊಳೆ ಬೇಕಾಗಿದ್ದು ಹೆಂಡತಿ ರಾಣಿಯ ಹೊಸ ಕನ್ನಡಿಗೆ. ಅವಳು ಹೇಳಿದ್ದು ಒಂದೇ ಸಲ. ಆದರೆ ರಾಣಿ ಒಂದು ಸಲ ಹೇಳುವುದೆಂದರೆ ಹಾಲು ಕರೆಯುವಾಗ ಶುರುವಾಗಿ ಮುದ್ದೆ ಬೇಯುವವರೆಗೂ ಉಸಿರು ತೆಗೆದುಕೊಳ್ಳದೆ ಹೇಳುವುದು. ಮಾತೆಂದರೆ ಅವಳದೇ ಮಾತು. ಕೊಟ್ಟಿಗೆಯಲ್ಲಿ ನಿಂತು ಎಮ್ಮೆಗೆ ಬೈದರೆ ಕಬಿನಿಯ ಆಚೆ ದಡದ ಎಮ್ಮೆಗಳು ತಲೆ ತಗ್ಗಿಸುತ್ತಿದ್ದವು. ಸಾವಿನ ಮನೆಗೆ ಹೋದರೆ ಅಳುತ್ತಿದ್ದವರು ಮೂಗು ಒರೆಸಿಕೊಂಡು ಅವಳ ಕತೆ ಕೇಳುತ್ತಾ ಕೂರುತ್ತಿದ್ದರು, ಹೆಣವೊಂದು ಎದ್ದು ಕೂರಲಿಲ್ಲ ಅಷ್ಟೆ.

ಗೋಡೆಯೂ ಅಂಥದ್ದೇ. ಎರಡು ಮೊಳ ದಪ್ಪದ ಮಣ್ಣು. ಕಟ್ಟಿದ ಹಿರಿಯರು ಅದೇನು ಕಲಸಿ ತುಳಿದಿದ್ದರೋ, ಮೊದಲನೇ ಮೊಳೆ ಬೆಂಡಾಗಿ ಶರಣಾಯಿತು, ಎರಡನೆಯದು ಹಾರಿ ಬೀದಿಗೆ ಹೋಯಿತು. ಮೂರನೆಯದಕ್ಕೆ ರೊಟ್ಟಿಯಗಲದ ಮಣ್ಣು ಕಳಚಿ, ಒಳಗೊಂದು ಗೂಡು ಕಾಣಿಸಿತು. ಗೂಡಿನಲ್ಲಿ ಸುಣ್ಣದಿಂದ ಬಾಯಿ ಮೆತ್ತಿದ ಒಂದು ಕುಡಿಕೆ.

ಯಾರ ಮನೆಯಲ್ಲಿ ಏನು ಬಿದ್ದರೂ ಅದು ನೆಲ ಮುಟ್ಟುವ ಮೊದಲೇ ಹಾಜರಾಗುವವನು ಪಕ್ಕದ ಮನೆಯ ವಿರೂಪಾಕ್ಷ. ಬಂದೇ ಬಿಟ್ಟ. ಹಿಂದೆ ಅರ್ಧ ಬೀದಿ.

"ಮೆಲ್ಲಗೆ ಕಣ್ಲಾ ಮಂಟ, ನಿಧಿ ಇದ್ದಂಗದೆ. ನಮ್ಮಜ್ಜ ನಿಮ್ಮಜ್ಜ ಒಂದೇ ತಟ್ಟೇಲಿ ಉಂಡೋರು, ನೆಪ್ಪಿರ್ಲಿ."

ಮಂಟಯ್ಯ ಸುಣ್ಣ ಕೆರೆದು ಕುಡಿಕೆ ಬೋರಲು ಹಾಕಿದ. ಒಂದು ಅರಿಶಿನದ ಕೊಂಬು ಬಿತ್ತು. ಆಮೇಲೆ ಕರಿ ದಾರ ಸುತ್ತಿದ, ಮುಷ್ಟಿ ಗಾತ್ರದ ಕಬ್ಬಿಣದ ಬೀಗ. ಬೀಗ ಹಾಕಿತ್ತು. ಕೀ ಇರಲಿಲ್ಲ.

ವಿರೂಪಾಕ್ಷ ಬಾಗಿಲಾಚೆಗೆ ನೆಗೆದ. "ನಮ್ಮಜ್ಜಂಗೂ ನಿಮ್ಮಜ್ಜಂಗೂ ಮಾತೇ ಇರ್ನಿಲ್ಲ ಬುಡು."

ಅವನ ಹೆಂಡತಿ ಸರ್ವಮಂಗಳ ಬಗ್ಗಿ ನೋಡಿ ಕೆನ್ನೆಗೆ ಕೈ ಇಟ್ಟುಕೊಂಡಳು. "ಇದು ಬಾಯಿ ಕಟ್ಟೋ ಬೀಗ ಕಣ್ರವ್ವ. ನಮ್ ತೌರ್ ಕಡೆ ಕಂಡಿವ್ನಿ. ಹೆಸ್ರೇಳಿ ಬೀಗ ಜಡ್ದು ಗೋಡೇಲಿ ಮಡಗ್ಬುಟ್ರೆ, ಅವ್ರ ಬಾಯಿ ಅಲ್ಲಿಗೆ ಮುಗೀತು."

"ಯಾರ್ ಬಾಯಿಗೆ ಮಡಗವ್ರೆ?"

ಯಾರು ಕೇಳಿದರೋ ಗೊತ್ತಿಲ್ಲ, ಎಲ್ಲರ ಕಣ್ಣೂ ರಾಣಿಯ ಕಡೆ ತಿರುಗಿದವು. ವಿರೂಪಾಕ್ಷ ಹೊಸ್ತಿಲಾಚೆಯಿಂದಲೇ ಕೇಳಿದ. "ನಿನ್ ಮದ್ವೆ ವಾರ ಈ ಗೋಡೆಗೆ ಮಣ್ಣು ಮೆತ್ದೋನು ಯಾರ್ಲಾ? ನೀನೇ ಅಲ್ವಾ?"

"ಮೆತ್ತಿದ್ದು ನಾನೇ. ಆದ್ರೆ ಬೀಗ..."

"ಅದ್ಕೇ," ಎಂದಳು ರಾಣಿ. ಗಂಟಲು ಹಿಡಿದುಕೊಂಡಳು. "ಅದ್ಕೇ ಕಣ್ರಕ್ಕಾ, ಈ ಮನೆಗೆ ಬಂದ್ ದಿನದಿಂದ ನಂಗೆ ಮನ್ಸಲ್ಲಿರೋದ ಬಾಯಿ ಬುಟ್ಟು ಹೇಳಾಕೇ ಆಗ್ನಿಲ್ಲ. ಇಲ್ಲಿಗಂಟ ಬತ್ತದೆ, ಇಲ್ಲೇ ನಿಂತ್ಕತದೆ."

ಬೀಗ ಹಾಕಿದ ಬಾಯೇ ಇಷ್ಟಾದರೆ ತೆಗೆದ ಬಾಯಿ ಎಷ್ಟು ಎಂದು ಯೋಚಿಸಿ ಬೀದಿಯವರು ಪಕ್ಕದ ಕಂಬ ಹಿಡಿದುಕೊಂಡರು.

ರಾಣಿ ಅಲ್ಲಿಗೇ ಬಿಡಲಿಲ್ಲ. "ಬಾಯಿ ಕಟ್ದೋರ ಮನೇಲಿ ನಾನಿರಾಕಿಲ್ಲ. ಸಂಜೆ ಬಸ್ಸಿಗೆ ಪಿರಿಯಾಪಟ್ಟಣಕ್ಕೆ, ನಮ್ಮಪ್ಪನ ಮನೆಗೆ ಓಯ್ತೀನಿ."

ಮಂಟಯ್ಯ ಹೋಗಿ ಬಾಗಿಲಿಗೆ ಅಡ್ಡ ನಿಂತ. ಹಿಂದೊಮ್ಮೆ ಅವಳು ತೌರಿಗೆ ಹೋಗಿದ್ದಾಗ ಮನೆಯಲ್ಲಿ ಸದ್ದಿಲ್ಲದ್ದಕ್ಕೇ ಹೆದರಿ ಅವನು ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಮಲಗಿದ್ದ. ಎಮ್ಮೆಗೂ ನಿದ್ದೆ ಬಂದಿರಲಿಲ್ಲ.

"ಒಂದೇ ದಾರಿ," ಎಂದು ವಿರೂಪಾಕ್ಷ ತೀರ್ಪು ಕೊಟ್ಟ. "ಬೀಗ ತೆಗ್ಸು. ತೆಗುದ್ ಮೇಲೆ ರಾಣಿ ಮಾತು ಜಾಸ್ತಿ ಆದ್ರೆ ಮಡಗಿದ್ದು ನೀನೇ. ಇದ್ದಂಗೇ ಇದ್ರೆ ನೀನು ಸಾಚಾ."

ಮೆರವಣಿಗೆ ಸಂತೆಗೆ ಹೊರಟಿತು. ಬಟ್ಟೆಯಲ್ಲಿ ಸುತ್ತಿದ ಬೀಗವನ್ನು ಮಂಟಯ್ಯ ಹಸುಗೂಸಿನಂತೆ ಎತ್ತಿಕೊಂಡಿದ್ದ. ಹುಣಸೆಮರದ ಕೆಳಗೆ ಬೀಗ, ಛತ್ರಿ ರಿಪೇರಿ ಮಾಡುವ ಮೆಹಬೂಬ್ ಅದನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಕಿವಿಯ ಹತ್ತಿರ ಅಲ್ಲಾಡಿಸಿ, ಕಣ್ಣಿಗೊತ್ತಿಕೊಂಡ.

"ಏನ್ ಕೆಲ್ಸ ಮಂಟಣ್ಣ ಇದು. ಮಾಡಿದ್ ಕೈಗೆ ಸಲಾಂ ಹೊಡೀಬೇಕು. ನಂಗೆ ತೆಗೆಯಾಕೇ ಮನ್ಸು ಬರಾಕಿಲ್ಲ."

"ತೆಗಿ ಮೆಹಬೂಬಣ್ಣ. ನನ್ ಸಂಸಾರ ಅದ್ರೊಳಗದೆ."

ಮೆಹಬೂಬ್ ತಂತಿ ತೂರಿಸಿದ. ಬೀಗ ತಂತಿಯನ್ನು ನುಂಗಿತು. ಎಣ್ಣೆ ಬಿಟ್ಟ, ಅದನ್ನೂ ಕುಡಿಯಿತು. ಅವನ ಅಂಗಿ ಒದ್ದೆಯಾಗಿ ಹಿಂಡುವಂತಾದಾಗ ಸುತ್ತಿಗೆ ಎತ್ತಿ ಒಂದು ಕೊಟ್ಟ. ಬೀಗ ಎರಡು ಹೋಳಾಗಿ ಬಿತ್ತು.

ಸಂತೆ ನಿಂತಿತು. ಈರುಳ್ಳಿಯವನ ತಕ್ಕಡಿ ಗಾಳಿಯಲ್ಲೇ ಉಳಿಯಿತು. ಎಲ್ಲರೂ ರಾಣಿಯ ಬಾಯನ್ನೇ ನೋಡುತ್ತಿದ್ದರು.

ರಾಣಿ ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಇಷ್ಟು ಜನ ಸುಮ್ಮನೆ ನಿಂತು ತನ್ನ ಮಾತಿಗೆ ಕಾದದ್ದು ಅವಳ ಜನ್ಮದಲ್ಲೇ ಇರಲಿಲ್ಲ. ಕಿವಿ ಕೆಂಪಾಯಿತು. ಸೆರಗು ಬಾಯಿಗೆ ಹಿಡಿದು, "ಏನೇಳನ?" ಎಂದಳು. ಅಷ್ಟೇ.

"ಜಾಸ್ತಿ ಆಗೋದಿರ್ಲಿ, ಕಮ್ಮೀನೇ ಆಯ್ತಲ್ಲಪ್ಪಾ," ಎಂದ ವಿರೂಪಾಕ್ಷ, ಸ್ವಲ್ಪ ನಿರಾಸೆಯಿಂದಲೇ. "ಮಂಟ ಸಾಚಾ."

ಮಂಟಯ್ಯನ ಎದೆ ಒಂದು ಗೇಣು ಹಿಗ್ಗಿತು. ಹೆಂಡತಿಗೆ ಕನಕಾಂಬರ ಕೊಂಡ. ಅವಳೂ ಮುಡಿದಳು. ಪಿರಿಯಾಪಟ್ಟಣದ ಮಾತು ಅಲ್ಲಿಗೆ ಬಿದ್ದುಹೋಯಿತು.

ಅಷ್ಟರಲ್ಲಿ ತಾಲ್ಲೂಕು ಊರಾದ ಕೋಟೆಯಿಂದ ಬಸ್ಸು ಬಂತು. ಆಸ್ಪತ್ರೆಗೆ ಕಣ್ಣು ತೋರಿಸಲು ಹೋಗಿದ್ದ ಮುದುಕಿ ಚಿಕ್ಕಬೀರಮ್ಮ ಇಳಿದಳು. ಮಂಟಯ್ಯನ ಸೋದರತ್ತೆ, ಆ ಮನೆಯಲ್ಲೇ ಹುಟ್ಟಿ ಮೇಲಿನ ಬೀದಿಗೆ ಸೊಸೆಯಾಗಿ ಹೋದವಳು. ಕಣ್ಣು ಮಬ್ಬಾಗಿದ್ದರೂ ಬೀಗದ ಹೋಳುಗಳು ಅವಳಿಗೆ ದೂರದಿಂದಲೇ ಕಂಡವು.

"ಇದ್ನ್ಯಾರ್ಲಾ ಒಡ್ದೋರು?"

"ನಾನೇ ಒಡ್ಸಿದ್ದು ಕಣತ್ತೆ," ಎಂದ ಮಂಟಯ್ಯ ಹೆಮ್ಮೆಯಿಂದ. "ರಾಣಿ ಬಾಯಿಗೆ ಹಾಕಿದ್ದಲ್ಲ ಅಂತ ಊರ್ಗೇ ಗೊತ್ತಾಯ್ತು."

"ರಾಣಿ ಬಾಯಿಗೆ ಬೀಗ ಮಾಡೋ ಕಮ್ಮಾರ ಎಲ್ಲವ್ನಲಾ? ಅದು ಹುಲಿ ಬಾಯಿಗೆ ಹಾಕಿದ್ದು ಕಣೋ ಪೆದ್ದ. ನಮ್ಮಜ್ಜ ಕಾಡ ಮಗ್ಗುಲಲ್ಲಿ ಮನೆ ಎತ್ವಾಗ, ಹುಲಿ ಚಿರ್ತೆ ಊರ್ ದನಕ್ಕೆ ಬಾಯಿ ಹಾಕದಂಗೆ, ಊರ್ನೋರೆಲ್ಲ ಸೇರಿ ಮಂತ್ರಿಸಿ ಮಡಗ್ಸಿದ್ರು. ಇಲ್ಲಿಗಂಟ ಒಂದು ಕರನಾದ್ರೂ ಓಗಿದ್ದುಂಟಾ ಈ ಊರಲ್ಲಿ?"

ಸಂತೆ ಎರಡನೇ ಸಲ ನಿಂತಿತು. ಎಲ್ಲರೂ ಅವರವರ ಕೊಟ್ಟಿಗೆಯ ಬಾಗಿಲು ನೆನೆದುಕೊಂಡರು.

"ಹೊಸ ಬೀಗ ಮಡಗ್ಬುಡನ," ಎಂದ ಮಂಟಯ್ಯ, ಎದೆ ಮೊದಲಿನ ಅಳತೆಗೆ ಇಳಿದಿತ್ತು.

"ದೀಪಾವಳಿ ಅಮಾಸೆ ಬುಟ್ರೆ ಬ್ಯಾರೆ ದಿನ ಆಗಾಕಿಲ್ಲ," ಎಂದಳು ಚಿಕ್ಕಬೀರಮ್ಮ. ಇನ್ನೂ ಯುಗಾದಿಯ ಒಬ್ಬಟ್ಟೇ ಜನಕ್ಕೆ ಅರಗಿರಲಿಲ್ಲ.

"ಅಲ್ಲಿಗಂಟ ಕಾಡಂಚಲ್ಲಿ ಕಾವಲು ಇರ್ಬೇಕಾದೋನು ಒಡ್ಸಿದೋನೇ," ಎಂದ ವಿರೂಪಾಕ್ಷ.

"ತೆಗ್ಸು ಅಂದೋನು ನೀನಲ್ವಲಾ?"

"ನಾನು ನೂರಂತೀನಿ. ನಿನ್ ಬುದ್ಧಿ ಎಲ್ಲೋಗಿತ್ತು?"

ಊರೆಲ್ಲ ಹೌದೆಂದಿತು. ಹೊತ್ತು ಮುಳುಗುವಾಗ ಮಂಟಯ್ಯ ಕಂಬಳಿ ಹೊದ್ದು, ಬ್ಯಾಟರಿ ಹಿಡಿದು, ಕಾಡಂಚಿನ ಅಟ್ಟಣೆಗೆ ಹೊರಟ. ನೋಡಿದರೆ ರಾಣಿಯೂ ರೊಟ್ಟಿ ಗಂಟು ಕಟ್ಟಿಕೊಂಡು ಹಿಂದೆಯೇ ಬರುತ್ತಿದ್ದಳು.

"ಒಬ್ರನ್ನೇ ಚಿರ್ತೆ ಬಾಯಿಗೆ ಬುಟ್ಟೇನಾ? ನಡೀರಿ. ಸಂತೇಲಿ ಅಷ್ಟ್ ಜನದೆದ್ರಿಗೆ ಬಾಯೇ ಬರ್ನಿಲ್ಲ, ಹೇಳ್ಬೇಕಾದ್ದೆಲ್ಲ ಅಂಗಂಗೇ ಉಳ್ಕಂಡದೆ."

ರಾಣಿ ಹೋಗುತ್ತಿದ್ದಾಳೆಂದು ತಿಳಿದದ್ದೇ ಊರಿನ ಭಯ ಇಳಿಯಿತು. ವಿರೂಪಾಕ್ಷನಂತೂ ಕೊಟ್ಟಿಗೆಗೆ ಅಗಳಿ ಹಾಕಲೂ ಏಳಲಿಲ್ಲ.

ಅಟ್ಟಣೆಯ ಮೇಲೆ ರಾಣಿ ತಮ್ಮ ನಿಶ್ಚಿತಾರ್ಥದ ದಿನದಿಂದ ಶುರುಮಾಡಿದಳು. ಅವಳ ಕತೆಯಲ್ಲಿ ಮದುವೆಯ ಚಪ್ಪರಕ್ಕೆ ಇನ್ನೂ ಕಂಬ ನೆಟ್ಟಿರಲಿಲ್ಲ, ಆಗಲೇ ಲಂಟಾನ ಪೊದೆ ಅಲ್ಲಾಡಿತು. ಚುಕ್ಕೆ ಮೈಯ ಚಿರತೆ ತಲೆ ಹೊರಗೆ ಹಾಕಿ, ಕಿವಿ ನಿಮಿರಿಸಿ, ಒಂದು ಗಳಿಗೆ ಕೇಳಿಸಿಕೊಂಡಿತು. ಆಮೇಲೆ ಮೆಲ್ಲಗೆ ತಿರುಗಿ, ಬಂದ ದಾರಿಯಲ್ಲೇ ಹೊರಟುಹೋಯಿತು.

ಅದರ ಬಾಲದ ತುದಿ ಮರೆಯಾಗುವವರೆಗೂ ಮಂಟಯ್ಯ ಆಸೆಯಿಂದ ನೋಡುತ್ತಲೇ ಇದ್ದ. ಚಿರತೆಗಾದರೆ ಹೋಗಲು ಕಾಡು ಇತ್ತು.