ಎಣ್ಣೆ ಬೇಡದ ಚೈನು

"ಇವತ್ತ ಆ ಚೈನಿನ ಬಾಯಿ ಮುಚ್ಚಸ್ತೇನಿ ನೋಡು!"

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಶಾಂತಯ್ಯ ಹೀಗೆ ಘೋಷಿಸಿದಾಗ ಅವನ ಒಂದು ಕೈಯಲ್ಲಿ ಚಹದ ಕಪ್ಪಿತ್ತು, ಇನ್ನೊಂದರಲ್ಲಿ ಬೋಲ್ಟು ತಿರುಗಿಸುವ ಪಾನಾ. ದಂಡು ಕಟ್ಟಿಕೊಂಡು ಹೊರಟ ಸೇನಾಪತಿಯ ಮುಖದಲ್ಲೂ ಅಷ್ಟು ಕಳೆ ಇರಲಿಕ್ಕಿಲ್ಲ!

ಅವನ ಹೆಂಡತಿ ದಾಕ್ಷಾಯಿಣಿ ಚಟ್ನಿಪುಡಿಯ ಪೊಟ್ಟಣ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಅದಕ್ಕ ಎಣ್ಣಿ ಬ್ಯಾಡ ಅಂತ ಗೌಸಮೊದ್ದೀನ ಕಾಕಾ ಹೇಳ್ಯಾರ್ರಿ. ಮುಟ್ಟಬ್ಯಾಡ್ರಿ. ನಾಳಿ ಮುಂಜಾನಿ ಆರತಿಯ ಹೊಸ ಖಾನಾವಳಿಗೆ ಆರನೂರ ರೊಟ್ಟಿ ಕೊಡೂದೈತಿ."

"ಎಣ್ಣಿ ಬ್ಯಾಡದ ಚೈನ! ನಾಳಿ ನೀರ ಬ್ಯಾಡದ ಮೀನನೂ ಮಾರ್ತಾರ ನಿಮ್ಮ ಕಾಕಾ!"

ಶಾಂತಯ್ಯನ ಈ ಗತ್ತಿಗೆ ಕಾರಣವಿಲ್ಲದಿಲ್ಲ. ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಅವನು ಫೋರ್‌ಮನ್. ಇಪ್ಪತ್ತೊಂಬತ್ತು ವರ್ಷಗಳಿಂದ ಅಲ್ಲಿನ ಚೈನುಗಳೆಲ್ಲ ಅವನ ಮಾತು ಕೇಳಿಕೊಂಡೇ ತಿರುಗುತ್ತಿವೆ. ಸ್ಕ್ರೂಡ್ರೈವರಿನ ತುದಿಯನ್ನು ಮಶೀನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಡಾಕ್ಟರರಂತೆ ಕಣ್ಣು ಮುಚ್ಚಿ ನಿಂತನೆಂದರೆ, ಯಾವ ಕೊಂಡಿಗೆ ನೋವಾಗಿದೆ ಎಂದು ಹೇಳಬಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪಾಠ ಮಾಡುವವನೂ ಅವನೇ. ಅಂಥವನ ಮನೆಯಲ್ಲೇ, ರಾಯಾಪುರದ ಅವನ ಸ್ವಂತ ಮನೆಯ ಮುಂದಿನ ಕೋಣೆಯಲ್ಲೇ, ಹೆಂಡತಿಯ ರೊಟ್ಟಿ ಮಶೀನಿನ ಚೈನು ಹದಿನೈದು ದಿನಗಳಿಂದ ಕಿರ್ ಕಿರ್ ಎನ್ನುತ್ತಿದೆ! ಓಣಿಯವರು ಏನೆಂದುಕೊಂಡಾರು?

ನಿಜ ಹೇಳಬೇಕೆಂದರೆ ಅವನ ಸಿಟ್ಟು ಸದ್ದಿನ ಮೇಲಷ್ಟೇ ಇರಲಿಲ್ಲ. ಎಂಟು ತಿಂಗಳ ಹಿಂದೆ ದಾಕ್ಷಾಯಿಣಿ ಆ ಮಶೀನನ್ನು ತಾನೇ ನೋಡಿ, ತಾನೇ ಆರಿಸಿ ತಂದಿದ್ದಳು. ಅದರ ಚೈನನ್ನು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಚೈನು-ಬೇರಿಂಗಿನ ಅಂಗಡಿ ಇಟ್ಟಿರುವ ಗೌಸಮೊದ್ದೀನ ಕಾಕಾನನ್ನು ಕೇಳಿ ಹಾಕಿಸಿದ್ದಳು. ಹೆಂಡತಿ ತಮ್ಮನ್ನು ಕೇಳದೆ ಕೊರಳಿಗೆ ಚೈನು ತಂದುಕೊಂಡರೆ ಕೆಲವು ಗಂಡಂದಿರಿಗೆ ನೋವಾಗುತ್ತದೆ. ಶಾಂತಯ್ಯನಿಗೆ ನೋವಾದದ್ದು ಮೋಟರಿನ ಚೈನಿನಿಂದ! ಬಾಯಿಬಿಟ್ಟು ಹೇಳಿರಲಿಲ್ಲ. ಎಂಟು ತಿಂಗಳಿಂದ ಆ ಕೋಣೆಗೆ ಕಾಲಿಡದೆ ಹಿತ್ತಲ ಬಾಗಿಲಿನಿಂದ ಓಡಾಡಿದ್ದ, ಅಷ್ಟೆ.

"ನಾ ಕೇಶ್ವಾಪುರಕ್ಕ ಹೋಗಿ ಆರತಿಗೆ ಚಟ್ನಿ ಕೊಟ್ಟು ಬರ್ತೇನಿ. ಪಾಪ, ನಾಳೆ ಆಕಿ ಖಾನಾವಳಿ ಚಾಲೂ ಆಗೂದೈತಿ, ಗಾಬರ್‍ಯಾಗ್ಯಾಳ. ಎರಡಕ್ಕ ಬಂದು ಮಶೀನ ಹಚ್ಚತೇನಿ. ಮುಟ್ಟಬ್ಯಾಡ್ರಿ ಅಂದೇನ್ರಿ!" ಎಂದು ದಾಕ್ಷಾಯಿಣಿ ಚಿಗರಿ ಬಸ್ಸು ಹಿಡಿಯಲು ಹೋದಳು.

ಅವಳು ಓಣಿ ದಾಟುವಷ್ಟರಲ್ಲಿ ಚೈನು ಶಾಂತಯ್ಯನ ಕೈಯಲ್ಲಿತ್ತು.

ಕ್ಯಾನಿನಲ್ಲಿ ಡೀಸೆಲ್ ಇತ್ತು. ನೆನೆಸಲು ಅಗಲವಾದ ಪಾತ್ರೆ ಬೇಕಾಗಿತ್ತು. ಮೂಲೆಯಲ್ಲಿದ್ದ ದೊಡ್ಡ ಪರಾತ ಎಳೆದು ಸುರಿದೇಬಿಟ್ಟ. ಅದೇ ಹೊತ್ತಿಗೆ, ದಾಕ್ಷಾಯಿಣಿಗೆ ಕೆಲಸದಲ್ಲಿ ಜೊತೆಯಾಗುವ ಸಾವಕ್ಕ ಹಿಟ್ಟು ಸಾಣಿಸಲು ಒಳಗೆ ಬಂದಳು. ಬಂದವಳು ಹೊಸ್ತಿಲಲ್ಲೇ ನಿಂತಳು.

"ಅಯ್ಯಾರ, ಅದು ಹಿಟ್ಟು ನಾದೂ ಪರಾತರಿ!"

"ತೊಳದ ಇಡ್ತೇನಿ ಬಿಡ ಸಾವಕ್ಕ."

"ಪರಾತ ತೊಳೀತೀರಿ. ವಾಸನಿ ಹ್ಯಾಂಗ ತೊಳೀತೀರಿ?"

ಶಾಂತಯ್ಯ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲಿಲ್ಲ. ಡೀಸೆಲ್ ನಿಧಾನವಾಗಿ ಚಹದ ಬಣ್ಣಕ್ಕೆ ತಿರುಗುತ್ತಿತ್ತು. ಅವನ ಎದೆ ಉಬ್ಬಿತು. "ನೋಡು! ಎಂಟ ತಿಂಗಳದ ಹೊಲಸ ಹ್ಯಾಂಗ ಬಿಡಾಕತ್ತೈತಿ ನೋಡು!"

ಎರಡು ತಾಸು ನೆನೆಸಿದ. ಬ್ರಷ್ಷು ಹಾಕಿ ತಿಕ್ಕಿದ. ಒರೆಸಿ, ಕಾರ್ಖಾನೆಯ ಗಟ್ಟಿ ಗ್ರೀಸನ್ನು ಮದುಮಗನಿಗೆ ಅರಿಷಿಣ ಬಳಿದಂತೆ ಕೊಂಡಿ ಕೊಂಡಿಗೂ ಬಳಿದ. ಚೈನಿಗೆ ಜಿಡ್ಡು ಹತ್ತಿತು. ಮನುಷ್ಯನಿಗೆ ಜಿದ್ದು ಮೊದಲೇ ಹತ್ತಿತ್ತು. ಚೈನನ್ನು ಚಕ್ರಕ್ಕೆ ಏರಿಸಿ ಗುಂಡಿ ಒತ್ತಿದ.

ಮಶೀನು ತಿರುಗಿತು. ಕಿರ್ ಇಲ್ಲ, ಕುಯ್ ಇಲ್ಲ!

"ಸಾವಕ್ಕ, ಏನ ಕೇಳಸ್ತೈತಿ?"

"ಏನೂ ಇಲ್ರಿ."

"ಅದ! ಅದನ್ನ ಕೇಳು!"

ಸುಮಾರು ಹತ್ತು ನಿಮಿಷ ಶಾಂತಯ್ಯ ಸ್ವರ್ಗದಲ್ಲಿದ್ದ. ಸಾವಕ್ಕ ಅಲ್ಲೇ ಪಕ್ಕದಲ್ಲಿ ಕೂತು ಹಿಟ್ಟು ಸಾಣಿಸತೊಡಗಿದಳು. ಜೋಳದ ಹಿಟ್ಟು ತೆಳ್ಳಗೆ ಮಂಜಿನಂತೆ ಎದ್ದಿತು, ತೇಲಿತು, ಎಲ್ಲೂ ಕೂರಲು ಜಾಗವಿಲ್ಲದವರಂತೆ ನೇರ ಹೋಗಿ ಗ್ರೀಸಿನ ಮೇಲೆ ಕೂತಿತು. ಮತ್ತಷ್ಟು ಬಂತು. ಗ್ರೀಸು, ಹಿಟ್ಟು, ಗ್ರೀಸು, ಹಿಟ್ಟು! ನೋಡನೋಡುತ್ತಲೇ ಚೈನು ಮುದ್ದೆ ಮೆತ್ತಿದ ಹಗ್ಗದಂತೆ ದಪ್ಪಗಾಯಿತು. ಚಕ್ರದ ಹಲ್ಲುಗಳ ಸಂದಿಯೆಲ್ಲ ತುಂಬಿಕೊಂಡಿತು. ತಿರುವಿಗೊಮ್ಮೆ ಒಂದೊಂದು ಕರಿ ಉಂಡೆ ಹಾರತೊಡಗಿತು. ಮೊದಲನೆಯದು ಕ್ಯಾಲೆಂಡರಿಗೆ, ಎರಡನೆಯದು ಟ್ಯೂಬ್‌ಲೈಟಿಗೆ. ಮೂರನೆಯದು ಶಾಂತಯ್ಯನ ಕನ್ನಡಕಕ್ಕೆ!

"ಹಿಟ್ಟು! ಹಿಟ್ಟು!" ಎಂದು ಕೂಗುತ್ತ ಸಾವಕ್ಕ ತಾನೇ ಸೆರಗು ಹರಡಿ ಹಿಟ್ಟಿನ ರಾಶಿಯ ಮೇಲೆ ಅಡ್ಡ ಬಿದ್ದಳು. ಒಂದು ಕಣ್ಣಿನ ಶಾಂತಯ್ಯ ಗುಂಡಿ ಹುಡುಕುತ್ತಿರುವಾಗಲೇ ಚೈನು ಹಲ್ಲು ಬಿಟ್ಟು ಮೇಲೇರಿತು. ಢಣ್ ಎಂದು ಕಳಚಿ, ಕೋಣೆಯ ಆ ಮೂಲೆಗೆ ಹೋಗಿ ಬಿತ್ತು.

ಎರಡು ಗಂಟೆಗೆ ಸರಿಯಾಗಿ ದಾಕ್ಷಾಯಿಣಿ ಬಂದಳು. ಗೋಡೆ ನೋಡಿದಳು. ಚೈನು ನೋಡಿದಳು. ಬಗ್ಗಿ ಪರಾತದ ವಾಸನೆ ನೋಡಿದಳು. ಬೈದಿದ್ದರೆ ಶಾಂತಯ್ಯ ಬದುಕಿಕೊಳ್ಳುತ್ತಿದ್ದ, ತಿರುಗಿ ನಾಲ್ಕು ಮಾತು ಆಡಬಹುದಿತ್ತು. ಅವಳು ಬೈಯಲಿಲ್ಲ. ಸೆರಗು ಸಿಕ್ಕಿಸಿದಳು.

"ಸಾವಕ್ಕ, ಓಣ್ಯಾಗ ನಾಕ ಮಂದಿನ್ನ ಕರಕೊಂಬಾ. ಅವರವರ ಪರಾತ ತರಾಕ ಹೇಳು. ರೊಟ್ಟಿ ಕೈಲೆ ಬಡದು ತಗಿಯೂಣು. ಆರತಿಗೆ ಮಾತ ಕೊಟ್ಟೇನಿ." ಆಮೇಲೆ ಗಂಡನ ಕಡೆ ತಿರುಗಿದಳು. "ನೀವು ಗೌಸಮೊದ್ದೀನ ಕಾಕಾರ ಕಡೆ ಹೋಗ್ರಿ. ಏನ ಮಾಡೀರಿ ಅನ್ನೂದ ಖರೇ ಖರೇ ಹೇಳ್ರಿ. ನಿಮ್ಮ ಶಾಣ್ಯಾತನ ಹೇಳಬ್ಯಾಡ್ರಿ."

ಅಂಗಡಿಗೆ ರಜೆ. ಮೇಲಿನ ಮನೆಯಿಂದ ಗೌಸಮೊದ್ದೀನ ಕಾಕಾ ಮೆಟ್ಟಿಲಿಳಿದು ಬಂದರು. ಎಪ್ಪತ್ತರ ವಯಸ್ಸು, ಬಿಳಿ ಗಡ್ಡ. ಶಾಂತಯ್ಯ ಚೀಲದಿಂದ ತೆಗೆದ ಮುದ್ದೆಯನ್ನು ಕೈಗೆ ತೆಗೆದುಕೊಂಡರು. ಒಂದು ಕೊಂಡಿಯನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದರು.

"ಶಾಂತಯ್ಯನವರ, ಡೀಸಲ್‌ನ್ಯಾಗ ಹಾಕಿದ್ರೇನು?"

"ಹೌದ್ರಿ. ಬಾಳ ಹೊಲಸ ಬಿಡ್ತು."

"ಹೊಲಸಲ್ರಿ ಅದು, ಅದರ ಜೀವ! ಈ ಚೈನಿನ ಬುಶ್, ಅಂದ್ರ ಕೊಂಡಿಯೊಳಗಿನ ಈ ಸಣ್ಣ ಕೊಳವಿ ನೋಡ್ರಿ. ಪುಡಿ ಲೋಹ ಒತ್ತಿ ಮಾಡಿದ್ದು. ಕಣ್ಣಿಗೆ ಕಾಣಲಾರದ ತೂತಿನ್ಯಾಗೆಲ್ಲ ಎಣ್ಣಿ ಕುಡಿದು ಕುಂತಿರ್‍ತೈತಿ. ತಿರುಗಿ ಬಿಸಿ ಆತಂದ್ರ ಒಂದೀಟ ಹೊರಗ ಬಿಡ್ತೈತಿ, ಒಳಗಿನ ಪಿನ್ನಿಗೆ ಬೇಕಾದಷ್ಟ. ನಿಂತು ತಣ್ಣಗಾದ್ರ ತಿರುಗಿ ಒಳಗ ಎಳಕೋತೈತಿ. ಹಿಟ್ಟಿನ ಮ್ಯಾಲ ಒಂದ ಹನಿ ಬೀಳಂಗಿಲ್ಲ. ಅದಕ್ಕ ಇದನ್ನ ಕೊಟ್ಟಿದ್ದೆ. ನೀವು ಒಳಗಿನದು ತಗದೀರಿ, ಹೊರಗ ಬಳದೀರಿ."

"ಮತ್ತ ಕಿರ್ ಅನ್ನಾಕತ್ತಿತ್ತಲ್ರಿ?"

"ಎರಡೂ ಚಕ್ರ ಒಂದ ಸಾಲಿನ್ಯಾಗ ಅದಾವ ಅಂತ ನೂಲ ಹಿಡದು ನೋಡಿದ್ರೇನು? ಮೋಟರಿನ ಬೋಲ್ಟ ಸಡಲ ಆಗಿದ್ರ ಚೈನ ಒಂದ ಮಗ್ಗಲಿಗೆ ತಿಕ್ಕತೈತಿ."

ಶಾಂತಯ್ಯನ ಕಿವಿ ಕೆಂಪಾದವು. "ಮೊದಲು ಸಾಲು ನೋಡ್ರಪಾ, ಆಮೇಲೆ ಎಣ್ಣಿಡಬ್ಬಿ ಮುಟ್ರಿ." ಪ್ರತಿ ಹೊಸಬನಿಗೂ ಅವನು ಹೇಳಿಕೊಡುವ ಮೊದಲನೇ ಪಾಠ ಅದು! ಕಾರ್ಖಾನೆಯಲ್ಲಾಗಿದ್ದರೆ ನೂಲು ತಾನಾಗಿ ಕೈಗೆ ಬರುತ್ತಿತ್ತು. ಮನೆಯಲ್ಲಿ ಮಾತ್ರ ಯಾಕೆ ಬರಲಿಲ್ಲ?

ಕಾಕಾ ಒಳಗಿನಿಂದ ಒಂದು ಡಬ್ಬಿ ತಂದರು. ತಿನ್ನುವ ಪದಾರ್ಥದ ಮಶೀನಿಗೆಂದೇ ಇರುವ, ಬಣ್ಣವಿಲ್ಲದ ತೆಳು ಎಣ್ಣೆ. "ಗ್ರೀಸು, ಡೀಸಲ್ ಎಲ್ಲಾ ತಗದು ಒಣಗಸ್ರಿ. ಈ ಎಣ್ಣಿ ಉಗುರಬೆಚ್ಚಗಿಂತ ಸ್ವಲ್ಪ ಬಿಸಿ ಮಾಡಿ ಅದರಾಗ ಬಿಡ್ರಿ. ಗುಳ್ಳಿ ಏಳ್ತಾವ. ಅವಸರ ಮಾಡಬ್ಯಾಡ್ರಿ. ಗುಳ್ಳಿ ನಿಂತ ಮ್ಯಾಲ ಅದರಾಗನ ತಣ್ಣಗಾಗಾಕ ಬಿಡ್ರಿ. ಹೊಸದರಷ್ಟ ಆಗಲಿಕ್ಕಿಲ್ಲ. ಹೊಸದು ತರಸೂತನಕ ನಡೀತೈತಿ."

ಹೊರಡುವಾಗ ಅವರೇ ತಡೆದರು. "ಒಂದ ಮಾತ ಹೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ದಾಕ್ಷಾಯಿಣಿಯವ್ವ ಇಲ್ಲಿ ಬಂದಾಗ ನಾ ಕೇಳಿದೆ, 'ಯವ್ವಾ, ನಿಮ್ಮ ಯಜಮಾನ್ರು ಚೈನಿನ್ಯಾಗ ಎತ್ತಿದ ಕೈ, ಅವರನ್ನ ಕೇಳಬಾರದೇನು?' ಅಂತ. 'ಕೇಳಿದ್ನಿರಿ ಕಾಕಾ, ನಿನಗ ತಿಳ್ಯಾಂಗಿಲ್ಲ ಬಿಡು ಅಂದ್ರು' ಅಂತ ಹೇಳಿದ್ರು. ಆಮ್ಯಾಲ ಇಲ್ಲೇ ಮೂರ ತಾಸು ಕುಂತು ಎಲ್ಲಾ ತಿಳಕೊಂಡು ಹೋದ್ರು."

ಹುಬ್ಬಳ್ಳಿಯಿಂದ ರಾಯಾಪುರದವರೆಗೆ ಸ್ಕೂಟರಿನಲ್ಲಿ ಬರುವಾಗ ಶಾಂತಯ್ಯ ನೆನಪು ಮಾಡಿಕೊಳ್ಳಲು ನೋಡಿದ. ಹೌದು, ಕೇಳಿದ್ದಳು. "ಚೈನಿನ ಎಣ್ಣಿ ಹಿಟ್ಟಿಗೆ ಬೀಳಲಾರದಂಗ ಏನರೆ ಉಪಾಯ ಐತೇನ್ರಿ?" ಎಂದಿದ್ದಳು. ಅವನು ಕೊಟ್ಟ ಉತ್ತರವೂ ನೆನಪಾಯಿತು. ಆ ಉತ್ತರ ಕೇಳಿದಾಗ ಅವಳ ಮುಖ ಹೇಗಿತ್ತು ಎಂಬುದು ಮಾತ್ರ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಅವನು ಆಗ ಮೊಬೈಲಿನಿಂದ ತಲೆ ಎತ್ತಿರಲೇ ಇಲ್ಲ. ಎಂಟು ತಿಂಗಳು ಹಿತ್ತಲ ಬಾಗಿಲಲ್ಲಿ ಓಡಾಡಿದ್ದು ತಾನು, ಅವಮಾನವಾದದ್ದು ಅವಳಿಗೆ! ಈ ಲೆಕ್ಕ ತಲೆಕೆಳಗಾಗಿದ್ದು ತಿಳಿಯುವ ಹೊತ್ತಿಗೆ ಮನೆ ಬಂದಿತ್ತು.

ಮನೆಯಲ್ಲಿ ಐದು ಒಲೆ ಉರಿಯುತ್ತಿದ್ದವು. ಪಟಪಟ ಪಟಪಟ ಎಂದು ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೇ ಕೇಳುತ್ತಿತ್ತು. ಶಾಂತಯ್ಯ ಚೈನು ತೊಳೆದ, ಒಣಗಿಸಿದ, ಬೆಚ್ಚಗಿನ ಎಣ್ಣೆಯಲ್ಲಿ ಬಿಟ್ಟ. ಸಣ್ಣ ಸಣ್ಣ ಗುಳ್ಳೆಗಳೆದ್ದವು. ಅವುಗಳನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತ. ಆಮೇಲೆ ಕೈ ಸೋಪಿನಿಂದ ಮೂರು ಸಲ ತೊಳೆದುಕೊಂಡು ಹೆಂಡತಿಯ ಎದುರು ಹೋಗಿ ನಿಂತ.

"ತಪ್ಪಾತು," ಎಂದ. "ಇವತ್ತಿಂದಷ್ಟ ಅಲ್ಲ. ಆವತ್ತ ನೀ ಕೇಳಿದಾಗ ಹಂಗಂದದ್ದೂ."

ಬಡಿಯುತ್ತಿದ್ದ ದಾಕ್ಷಾಯಿಣಿಯ ಕೈ ಒಂದು ಕ್ಷಣ ನಿಂತಿತು. ಗಂಡನ ಮುಖ ನೋಡಿದಳು. ಕನ್ನಡಕದ ಒಂದು ಗಾಜಿನ ಅಂಚು ಇನ್ನೂ ಕಪ್ಪಗಿತ್ತು. ತುಟಿಯಂಚಿನಲ್ಲಿ ನಗು ಬಂತು. ಅದನ್ನು ಅಲ್ಲೇ ತಡೆದಳು.

"ನಿಂತು ಭಾಷಣ ಮಾಡಿದ್ರ ಆರನೂರ ಆಗಂಗಿಲ್ರಿ. ಕುಂಡರ್ರಿ."

ಕೂತ. ಇಷ್ಟು ವರ್ಷ ಉಂಡ ರೊಟ್ಟಿಯನ್ನು ಬಡಿಯುವುದು ಎಷ್ಟು ಕಷ್ಟವೆಂದು ಗೊತ್ತಾಯಿತು. ಅವನ ಕೈಯಲ್ಲಿ ಹಿಟ್ಟು ಎಲ್ಲ ದಿಕ್ಕಿಗೂ ಹೋಗುತ್ತಿತ್ತು, ದುಂಡಗೆ ಮಾತ್ರ ಹೋಗುತ್ತಿರಲಿಲ್ಲ! ಸಾವಕ್ಕ ಬಂದು ನೋಡಿ, "ಅಯ್ಯಾರ, ಇದು ರೊಟ್ಟಿಯೋ, ಧಾರವಾಡ ಜಿಲ್ಲಾದ ನಕಾಶೆಯೋ?" ಎಂದಾಗ ಒಲೆಯ ಮುಂದಿನವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅವನೂ ನಕ್ಕ. ದೀಪ ಹಚ್ಚುವ ಹೊತ್ತಿಗೆ ಆರುನೂರು ರೊಟ್ಟಿಯಾದವು.

ಸೋಮವಾರ ಶಾಂತಯ್ಯ ರಜೆ ಹಾಕಿದ. ನೂಲು ಹಿಡಿದು ಚಕ್ರಗಳ ಸಾಲು ಸರಿಮಾಡಿದ, ಸಡಿಲಾಗಿದ್ದ ಬೋಲ್ಟು ಬಿಗಿದ. ಎಣ್ಣೆಯಿಂದ ತೆಗೆದ ಚೈನಿನ ಮೈಯನ್ನು ಒಣಬಟ್ಟೆಯಿಂದ ಒರೆಸಿ ಏರಿಸಿದ. ಗುಂಡಿ ಒತ್ತಿದ್ದು ದಾಕ್ಷಾಯಿಣಿ. ಮಶೀನು ಮೆತ್ತಗೆ ತಿರುಗಿತು.

ಮಧ್ಯಾಹ್ನ ದಾಕ್ಷಾಯಿಣಿ ಮಶೀನಿನ ಮುಂದೆ, ಶಾಂತಯ್ಯ ಒಲೆಯ ಮುಂದೆ ಕೂತು ಮರುದಿನದ ರೊಟ್ಟಿ ಮಾಡುತ್ತಿರುವಾಗ ಆರತಿಯ ಫೋನು ಬಂತು. ದಾಕ್ಷಾಯಿಣಿಯ ಕೈಗೆ ಹಿಟ್ಟು ಮೆತ್ತಿದ್ದರಿಂದ ಸ್ಪೀಕರ್ ಹಾಕಿದಳು.

"ಅಕ್ಕಾ, ಒಂದ ರೊಟ್ಟಿ ಉಳೀಲಿಲ್ಲ! ಎಲ್ಲಾರೂ ಭಾಳ ಛಲೋ ಅದಾವ ಅಂದ್ರು. ಆದ್ರ ಒಂದ ಗಂಟಿನ್ಯಾಗ ಮೂರ ಮೂಲಿ, ಐದ ಮೂಲಿ ರೊಟ್ಟಿ ಬಂದಿದ್ವಲ್ಲ, ಅವನ್ನ ಯಾರ ಬಡದಿದ್ರು?"

ಶಾಂತಯ್ಯ ತಲೆ ತಗ್ಗಿಸಿದ. ದಾಕ್ಷಾಯಿಣಿ ಒಮ್ಮೆ ಅವನನ್ನು ನೋಡಿದಳು.

"ಹೊಸದಾಗಿ ಕೆಲಸಕ್ಕ ಬಂದಾರವ್ವ. ಕೈ ಇನ್ನೂ ಕುಂತಿಲ್ಲ."

"ಅಂಥವರನ್ನ ಯಾಕ ಇಟ್ಕೊಂಡಿ ಅಕ್ಕಾ? ಬಿಡಿಸಿಬಿಡು!"

"ಇರ್ಲಿ ಬಿಡವ್ವ, ನೋಡೂಣು," ಎಂದಳು ದಾಕ್ಷಾಯಿಣಿ. "ಇವತ್ತ ಮುಂಜಾನಿಯಿಂದ ಪ್ರತಿಯೊಂದೂ ಕೇಳಿ ಮಾಡಾಕತ್ತಾರ."

ಅಷ್ಟರಲ್ಲಿ ಒಲೆಯ ಕಡೆಯಿಂದ ಸಣ್ಣದೊಂದು ದನಿ ಬಂತು.

"ದಾಕ್ಷಾಯಿಣಿ, ಈಗ ತಿರುವಲೇನು?"